ರೇಡಿಯೋ ಮತ್ತು ಕೆಂಪಮ್ಮನ ಹಾಲು

ರೇಡಿಯೋ ಕೇಳಿ ಕೇಳಿ ನಾನು ಮಹಾ ತಿಳಿವಳಿಕಸ್ಥನಾಗಿದ್ದೇನೆಂದು ಮಂಡ್ಯದ ನಮ್ಮ ಬೀದಿಯಲ್ಲಿ ಬಹಳ ದಿನ ಪ್ರತೀತಿಯಿತ್ತು. ಅದನ್ನು ಹಬ್ಬಿಸಿದವನು ನಾನೇ ಆದ್ದರಿಂದ ಅಲ್ಲಗಳೆಯುವ ಕರ್ತವ್ಯವೂ ನನ್ನದೇ.

ಎರಡನೇ ಮಹಾಯುದ್ಧದ ಕಾಲ. ಬೀದಿಗೆಲ್ಲ ಒಂದೇ ರೇಡಿಯೋ, ಅದು ನಮ್ಮನೆಯದು. ಮಾವನವರು ಕೊಡಿಸಿದ್ದೆಂದು ನಾನು ಯಾರಿಗೂ ಹೇಳುತ್ತಿರಲಿಲ್ಲ. ನನ್ನ ಹೆಂಡತಿ ಹೇಳದೆ ಬಿಡುತ್ತಿರಲಿಲ್ಲ. ಅದಕ್ಕೊಂದು ಕಸೂತಿಯ ಹೊದಿಕೆ, ಶುಕ್ರವಾರ ಕುಂಕುಮ. ಸಂಜೆ ಇಂಗ್ಲಿಷ್ ಸುದ್ದಿಯ ಹೊತ್ತಿಗೆ ಜಗಲಿ ತುಂಬುತ್ತಿತ್ತು. ಪೆಟ್ಟಿಗೆ ಗೊರಗುಟ್ಟುತ್ತಿರುವಷ್ಟು ಹೊತ್ತೂ ನಾನು ಕಣ್ಣುಮುಚ್ಚಿ ತಲೆದೂಗುತ್ತಿದ್ದೆ. ಆಮೇಲೆ ಎಲ್ಲವನ್ನೂ ಕನ್ನಡದಲ್ಲಿ ಅಪ್ಪಣೆ ಕೊಡಿಸುತ್ತಿದ್ದೆ.

ಈಗ ಒಪ್ಪಿಕೊಳ್ಳುತ್ತೇನೆ, ಆ ಇಂಗ್ಲಿಷು ನನಗೆ ಅರ್ಥವಾಗುತ್ತಿರಲಿಲ್ಲ. ನನ್ನದು ಗುಮಾಸ್ತೆಯ ಇಂಗ್ಲಿಷು. ರಜೆ ಕೇಳಲು ಸಾಕು, ಯುದ್ಧ ನಡೆಸಲು ಸಾಲದು. ಊರುಗಳ ಹೆಸರು ಮಾತ್ರ ಕಿವಿಗೆ ಬೀಳುತ್ತಿತ್ತು. ಅಲ್ಲಿ ಗೆದ್ದವರು ಯಾರೆಂಬುದನ್ನು ನಾನೇ ತೀರ್ಮಾನಿಸುತ್ತಿದ್ದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ರೇಡಿಯೋದಲ್ಲಿ ಕಾಣುವುದೇ ಏನೂ ಇಲ್ಲವಲ್ಲ, ಪ್ರಮಾಣಿಸುವ ತಾಪತ್ರಯವೂ ಇರಲಿಲ್ಲ. ರಂಗೂನನ್ನು ನಾನು ಎರಡು ಸಲ ಗೆದ್ದುಕೊಟ್ಟೆ.

ಜಗಲಿಯ ತುದಿಯಲ್ಲಿ ನಿಂತು ಕೇಳುತ್ತಿದ್ದವಳು ಯಲಿಯೂರಿನಿಂದ ಹಾಲು ತರುವ ಕೆಂಪಮ್ಮ. ಅವಳ ಒಬ್ಬನೇ ಮಗ ದಂಡಿಗೆ ಸೇರಿ ಬರ್ಮಾಕ್ಕೆ ಹೋಗಿದ್ದ. "ಬರ್ಮಾದ ಕಡಿಕೆ ಏನಂತೆ ಸ್ವಾಮಿ?" ಎಂದು ದಿನವೂ ಕೇಳುತ್ತಿದ್ದಳು. "ಗೆದ್ದೆವು ಕೆಂಪಮ್ಮ" ಎಂದರೆ ಕೊಸರು ಹಾಲು ಬೀಳುತ್ತಿತ್ತು. ಆ ಹಾಲಿನಲ್ಲಿ ನಾಲೆಯ ನೀರಿಗೂ ಒಂದು ಪಾಲಿತ್ತೆನ್ನಿ. ಕಾಫಿ ಕುಡಿಯುವಾಗಲೆಲ್ಲ ನಾನು ಅವಳ ಅಪ್ರಾಮಾಣಿಕತೆಯನ್ನು ಕುರಿತು ಹೆಂಡತಿಗೆ ಉಪನ್ಯಾಸ ಕೊಡುತ್ತಿದ್ದೆ.

ಒಂದು ಸಂಜೆ ಕೆಂಪಮ್ಮ ತುಂಬಿದ ಜಗಲಿಯ ನಡುವೆಯೇ ಬಂದು ಚೊಂಬು ಕೆಳಗಿಟ್ಟಳು. ಮದ್ದೂರಿನ ಸಿಪಾಯಿಯೊಬ್ಬ ರಜೆಯ ಮೇಲೆ ಬಂದಿದ್ದನಂತೆ. ಅವಳು ಅವನನ್ನು ಹುಡುಕಿಕೊಂಡು ಹೋಗಿ ವಿಚಾರಿಸಿದ್ದಳು.

"ರಂಗೂನು ಓಗಿ ಸ್ಯಾನೆ ದಿನ ಆಯ್ತಂತಲ್ಲ ಸ್ವಾಮಿ. ಎಲ್ಲಾ ಕಾಡಲ್ಲಿ ನಡ್ಕಂಡ್ ಬಂದ್ರಂತೆ. ನನ್ ಮಗ ದಾರೀಲಿ ಜೊತೆ ತಪ್ಪೋದ್ನಂತೆ."

"ರೇಡಿಯೋದವರು ಹಾಗೆ ಹೇಳಿದರು ಕೆಂಪಮ್ಮ..." ಎಂದು ನಾನು ತಡವರಿಸಿದೆ.

"ಪಾಪ, ಅದ್ಯಾಕ್ ಸುಳ್ಳೇಳ್ತದೆ ಬುಡಿ. ನಾನು ಆಲಿಗೆ ನೀರಾಕದು ನಿಮಗ್ ಗೊತ್ತು. ನೀವು ಸುದ್ದಿಗೆ ನೀರಾಕದು ಇವತ್ ನಂಗ್ ಗೊತ್ತಾಯ್ತು. ನೀರಾಲು ಕುಡುದ್ರೆ ಯಾರೂ ಸಾಯಾಕಿಲ್ಲ. ನಾನು ಎತ್ತವ್ವ ಸ್ವಾಮಿ, ನಂಗೆ ಗಟ್ಟಿ ಸುದ್ದಿ ಬೇಕು. ನೀವು ನಿಲ್ಸಿ, ನಾನೂ ನಿಲ್ಲಿಸ್ತೀನಿ."

ಜಗಲಿಯಲ್ಲಿ ಯಾರೋ ಕಿಸಕ್ಕೆಂದರು. ಒಳಗಿನಿಂದ ಕೇಳಿದ್ದು ನನ್ನ ಹೆಂಡತಿಯ ನಗು. ಎಂದೂ ಆಗದಷ್ಟು ನಾಚಿಕೆಯಾಯಿತು ನನಗೆ.

ಅಂದಿನಿಂದ ತಿಳಿದದ್ದನ್ನಷ್ಟೇ ಹೇಳತೊಡಗಿದೆ. ಸುದ್ದಿ ಎರಡೇ ಮಾತಿಗೆ ಮುಗಿದುಹೋಗುತ್ತಿತ್ತು. ವಾರದೊಳಗೆ ಜನರೆಲ್ಲ ಪಕ್ಕದ ಬೀದಿಯ ರೇಡಿಯೋಕ್ಕೆ ಹೋದರು. ಅಲ್ಲಿ ಇನ್ನೂ ದಿನಾ ಗೆಲ್ಲುತ್ತಿದ್ದರಂತೆ. ನನ್ನ ಪಾಲಿಗೆ ಉಳಿದವಳು ಕೆಂಪಮ್ಮ ಒಬ್ಬಳೇ. "ಇವತ್ತು ಏನೂ ತಿಳಿಯಲಿಲ್ಲ" ಎಂದರೆ "ನಾಳೀಕ್ ಕೇಳನ ಬುಡಿ" ಎನ್ನುತ್ತಿದ್ದಳು. ಒಮ್ಮೆ ಮಾತ್ರ ಸುದ್ದಿ ಸ್ಪಷ್ಟವಾಗಿ ಅರ್ಥವಾಯಿತು: ಬರ್ಮಾವೆಲ್ಲ ನಮ್ಮವರ ಕೈಬಿಟ್ಟಿತ್ತು. ನುಂಗಿಕೊಳ್ಳೋಣವೆನಿಸಿತು, ಆದರೂ ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹಾಲು ಅಳೆದು ಹೋದಳು. ಹಾಲು ಗಟ್ಟಿಯಾಗಿಯೇ ಇತ್ತು.

ಯುದ್ಧವೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಅವಳ ಮಗ ಯಲಿಯೂರಿನಲ್ಲಿ ರೈಲಿನಿಂದಿಳಿದ. ಆ ಸುದ್ದಿಯನ್ನು ಯಾವ ರೇಡಿಯೋವೂ ಹೇಳಲಿಲ್ಲ. ಕೆಂಪಮ್ಮನೇ ನಮ್ಮ ಜಗಲಿಗೆ ಓಡಿಬಂದು ಹೇಳಿದಳು, ಒಂದು ಹನಿ ನೀರು ಬೆರೆಸದೆ.