ಹಿಂದೆ ಬರುತ್ತಿದ್ದ ವೆಂಕಟರವಣ

ನಾವು ಮೂವರು ಗೆಳೆಯರು ಬೈಕುಗಳಲ್ಲಿ ಎಲ್ಲಿಗೆ ಹೊರಟರೂ ವೆಂಕಟರವಣ ಕೊನೆಯಲ್ಲಿ ಬರುತ್ತಿದ್ದ. ಹಗಲಲ್ಲೂ ಅವನ ಹಳೇ ಗಾಡಿಯ ದೀಪ ಉರಿಯುತ್ತಿರುತ್ತಿತ್ತು. ನನ್ನ ಬಲಗಡೆಯ ಕನ್ನಡಿಯಲ್ಲಿ ಆ ದೀಪ ಹಳದಿ ಚುಕ್ಕೆಯಂತೆ ಅಲುಗಾಡುತ್ತಾ ಬರುವುದು ನನಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಒಬ್ಬನೇ ಪಾಠ ಮಾಡಲು ಶಾಲೆಗೆ ಹೋಗುವಾಗಲೂ ಕಣ್ಣು ಒಮ್ಮೊಮ್ಮೆ ಅತ್ತ ಹರಿಯುತ್ತಿತ್ತು. ನಾನು ನಿಧಾನ ಮಾಡಿದರೆ ಅವನೂ ನಿಧಾನ. ಮುಂದೆ ಹೋಗು ಎಂದು ಕೈ ಬೀಸಿದರೆ ಹೆಲ್ಮೆಟ್ಟಿನ ತಲೆಯನ್ನು ಅಡ್ಡಡ್ಡ ಆಡಿಸುತ್ತಿದ್ದ. ಕೇಳಿದರೆ ಅವನದು ಒಂದೇ ಉತ್ತರ: "ಮುಂದಿರೋರು ದಾರಿ ನೋಡ್ಕೊಳ್ಳಿ. ನಿಮ್ಮನ್ನ ನೋಡ್ಕೊಳ್ಳೋಕೆ ಹಿಂದೆ ಒಬ್ರು ಬೇಕಲ್ಲಪ್ಪ."

ನಾನು ಅದನ್ನು ನಂಬಿದ್ದೆ. ಬೇಕರಿ ನಡೆಸುವ ನಮ್ಮ ಖಾದರ್ ಇನ್ನೂ ಹೆಚ್ಚು ನಂಬಿದ್ದ. ರವಣ ಹಿಂದಿದ್ದಾನೆ ಎಂಬ ಧೈರ್ಯದಲ್ಲೇ ಅವನು ತಿರುವುಗಳಲ್ಲಿ ಗಾಡಿಯನ್ನು ಬಾಗಿಸಿ ಓಡಿಸುತ್ತಿದ್ದ.

ಚಿಂತಾಮಣಿಯಿಂದ ಕೈವಾರದ ಕಡೆ ಹೋಗುವ ರಸ್ತೆಯಲ್ಲಿ ರವಣನ ಸಸಿ ನರ್ಸರಿ ಇತ್ತು. ಹಸಿರು ನೆರಳುಪರದೆಯ ಕೆಳಗೆ ಕಪ್ಪು ಟ್ರೇಗಳಲ್ಲಿ ಟೊಮೇಟೊ, ಎಲೆಕೋಸು, ದಪ್ಪ ಮೆಣಸಿನಕಾಯಿ ಸಸಿಗಳು ಸಾಲಾಗಿ ನಿಂತಿರುತ್ತಿದ್ದವು. ಗಡಿಯಾಚೆಯ ರೈತರೂ ಅವನ ಹತ್ತಿರ ಬರುತ್ತಿದ್ದರು. ಬಂದವರ ಮಾತು ಯಾವುದೋ ಅವನ ಮಾತೂ ಅದೇ. ತೆಲುಗಿನವರ ಜೊತೆ ತೆಲುಗು, ಖಾದರನ ಮನೆಯವರ ಜೊತೆ ಹರಕುಮುರುಕು ಉರ್ದು. ಕೋಪ ಬಂದರೆ ಮಾತ್ರ ಯಾರೇ ಇರಲಿ ತೆಲುಗೇ. ಸುಡುಬಿಸಿಲಿನಲ್ಲಿ ಸಸಿ ಕೇಳಿಕೊಂಡು ಬಂದವರಿಗೆ ಅವನು ಕೊಡುತ್ತಿರಲಿಲ್ಲ. "ಮಲಗವ್ರೆ ಮಕ್ಕಳು. ಸಾಯಂಕಾಲ ಬಾಪ್ಪ" ಎಂದು ವಾಪಸು ಕಳಿಸುತ್ತಿದ್ದ. ಒಮ್ಮೆ ಒಬ್ಬ ಯಜಮಾನರು, ನಾನು ಇಷ್ಟು ದೂರ ಬಂದಿದ್ದೀನಿ ಎಂದು ರೇಗಾಡಿದರು. ರವಣ ಅವರಿಗೆ ಮಜ್ಜಿಗೆ ತರಿಸಿಕೊಟ್ಟು, ಬೇವಿನ ಮರದಡಿ ಚಾಪೆ ಹಾಸಿ, ನೀವೂ ಮಲಗಿ ಎಂದ. ಅವರು ನಿಜಕ್ಕೂ ಮಲಗಿ ನಿದ್ದೆ ಹೋದರು. ಬಿಸಿಲು ಇಳಿದ ಮೇಲೆ ಸಸಿ ತೆಗೆದುಕೊಂಡು ನಗುತ್ತಾ ಹೋದರು.

ಅವನ ಕೆಲವು ಗುಣಗಳು ನಮಗೆ ತಮಾಷೆಯಾಗಿದ್ದವು. ಮದುವೆ ಮನೆಯಲ್ಲಿ ಮಿಣುಕು ದೀಪದ ಸರ ಕಂಡರೆ ಅದಕ್ಕೆ ಬೆನ್ನು ಮಾಡಿ ಕೂರುತ್ತಿದ್ದ. ಕತ್ತಲಾಗಿ ಊಟವಾಯಿತೆಂದರೆ ಯಾರೇ ಕರೆದರೂ ನಿಲ್ಲದೆ ಮನೆಗೆ ಹೋಗಿ ಮಲಗುತ್ತಿದ್ದ. ನಾವು ಅವನನ್ನು ಕೋಳಿ ಎಂದು ಕರೆಯುತ್ತಿದ್ದೆವು. ಅವನೂ ಕೊಕ್ಕೊಕ್ಕೋ ಎಂದು ಎದ್ದುಹೋಗುತ್ತಿದ್ದ. ಹೈಸ್ಕೂಲಿನಿಂದ ಜೊತೆಗಿದ್ದವನ ಬಗ್ಗೆ ಗೊತ್ತಿಲ್ಲದ್ದು ಏನಿದೆ ಎಂದು ನಾನು ಅಂದುಕೊಂಡಿದ್ದೆ.

ಖಾದರ್ ಹೊಸ ಬೈಕು ತೆಗೆದುಕೊಂಡ ವರ್ಷ, ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ, ಗಡಿ ದಾಟಿ ಮದನಪಲ್ಲಿ ಮೇಲೆ ಹಾರ್ಸ್ಲಿ ಹಿಲ್ಸ್‌ಗೆ ಹೋಗಿ ಸಾಯಂಕಾಲದೊಳಗೆ ಬರುವುದೆಂದು ಮಾತಾಯಿತು. ರವಣ ಮೊದಲು ಬೇಡವೆಂದ. ಎರಡು ದಿನ ಬಿಟ್ಟು ತಾನೇ ಫೋನು ಮಾಡಿ ಬರುತ್ತೇನೆಂದ. ದನಿಯಲ್ಲಿ ಶಾಲೆಯ ಟೂರಿಗೆ ಹೊರಟ ಹುಡುಗನ ಉತ್ಸಾಹವಿತ್ತು. ಆದರೆ ಆ ಬೆಳಗ್ಗೆ ಅವನ ಕಣ್ಣುಗಳು ಕೆಂಪಗಿದ್ದವು. ಹಿಂದಿನ ದಿನ ಯಾರೋ ತಡವಾಗಿ ಲಾರಿ ತಂದು, ಸಸಿ ತುಂಬಿಸಿ ಕಳಿಸುವಷ್ಟರಲ್ಲಿ ನಿದ್ದೆ ಕೆಟ್ಟಿತೆಂದು ಹೇಳಿದ. ಗಡಿಯ ಚೆಕ್‌ಪೋಸ್ಟಿನ ಹತ್ತಿರ ಟೀ ಕುಡಿಯುವಾಗ ಚೆನ್ನಾಗಿಯೇ ಇದ್ದ. ಅಂಗಡಿಯವನ ಜೊತೆ ಟೊಮೇಟೊ ಬೆಳೆಯ ಮಾತಾಡಿದ. ಗಡಿ ದಾಟಿದ ಮೇಲೆ ನನ್ನ ತೆಲುಗಿಗೆ ಬಲ ಬರುತ್ತೆ ನೋಡು ಮೇಷ್ಟ್ರೇ ಎಂದು ನನ್ನನ್ನು ಛೇಡಿಸಿದ. ಗ್ಲಾಸು ಹಿಡಿದಿದ್ದ ಅವನ ಕೈ ಒಮ್ಮೆ ಸಣ್ಣಗೆ ಅದುರಿದ್ದನ್ನು ನೋಡಿದೆ. ಚಳಿ ಎಂದುಕೊಂಡೆ.

ಅಲ್ಲಿಂದ ಹೊರಟು ಸ್ವಲ್ಪ ದೂರ ಹೋಗಿದ್ದೆವು. ಕನ್ನಡಿಯಲ್ಲಿ ದೀಪವಿರಲಿಲ್ಲ.

ಲಾರಿ ಅಡ್ಡ ಬಂದಿರಬೇಕು ಎಂದುಕೊಂಡು ಇನ್ನೂ ಸ್ವಲ್ಪ ಹೋದೆ. ಲಾರಿ ನನ್ನನ್ನು ದಾಟಿ ಹೋಯಿತು. ಅದರ ಹಿಂದೆ ಖಾಲಿ ರಸ್ತೆ, ಎರಡೂ ಕಡೆ ಹುಣಸೆ ಮರಗಳು. ಹಾರನ್ ಹೊಡೆದು ಖಾದರನನ್ನು ನಿಲ್ಲಿಸಿದೆ. ಮೂತ್ರಕ್ಕೆ ನಿಂತಿರಬೇಕು ಎಂದ ಅವನು. ಕಾದೆವು. ಫೋನು ಮಾಡಿದರೆ ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಮತ್ತೆ ಮಾಡಿದರೂ ಹಾಗೆಯೇ. ಸ್ವಿಚಾಫ್ ಆಗಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ. ಎಲ್ಲೋ ಅವನ ಜೇಬಿನಲ್ಲಿ ಅದು ಬಡಿದುಕೊಳ್ಳುತ್ತಿದೆ, ಅವನು ಎತ್ತುತ್ತಿಲ್ಲ. ಇಬ್ಬರೂ ಗಾಡಿ ತಿರುಗಿಸಿದೆವು.

ಬಂದ ದಾರಿಯೇ ಆದರೂ ಅದು ಬೇರೆ ದಾರಿಯಾಗಿತ್ತು. ಒಂದು ಕಡೆ ಜನ ಗುಂಪಾಗಿದ್ದರು. ಹತ್ತಿರ ಹೋದರೆ ಮಟನ್ ಅಂಗಡಿಯ ಭಾನುವಾರದ ಗುಂಪು. ಮೋರಿಯ ಪಕ್ಕ ಒಂಟಿ ಚಪ್ಪಲಿ ಬಿದ್ದಿತ್ತು. ರವಣ ಶೂ ಹಾಕಿದ್ದನೋ ಚಪ್ಪಲಿಯೋ, ನೆನಪು ಮಾಡಿಕೊಳ್ಳಲು ಆಗಲಿಲ್ಲ. ಮುಂದಿನ ತಿರುವಿನಲ್ಲಿ ಖಾದರ್ ಗಕ್ಕನೆ ಬ್ರೇಕು ಹಾಕಿದ. ಟಾರಿನ ಮೇಲೆ ಉದ್ದಕ್ಕೂ ಕೆಂಪು ಚೆಲ್ಲಿತ್ತು. ಯಾವುದೋ ಲಾರಿಯಿಂದ ಉರುಳಿದ ಟೊಮೇಟೊ, ಚಕ್ರಗಳಿಗೆ ಸಿಕ್ಕಿ ಅಪ್ಪಚ್ಚಿಯಾಗಿತ್ತು. ಖಾದರ್ ಅದನ್ನೇ ನೋಡುತ್ತಾ "ಯಾ ಅಲ್ಲಾ" ಎಂದು ಹಣೆ ಒರೆಸಿಕೊಂಡ.

ಅದರಾಚೆ ಒಂದು ಹೊಂಗೆ ಮರದ ಕೆಳಗೆ ಅವನು ಸಿಕ್ಕಿದ. ಗಾಡಿಯ ಮುಂದಿನ ಚಕ್ರ ಚರಂಡಿಯಲ್ಲಿತ್ತು. ಹಸು ಮೇಯಿಸಲು ಬಂದಿದ್ದ ಒಬ್ಬ ಮುದುಕಿ ನೆಲದಲ್ಲಿ ಕೂತು, ಅವನನ್ನು ಮಗ್ಗುಲಾಗಿ ಮಲಗಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಹೆಲ್ಮೆಟ್ಟು ತೆಗೆದಿದ್ದಳು. ಅವನ ಮುಷ್ಟಿಯೊಳಗೆ ತನ್ನ ಮನೆಯ ಬೀಗದ ಕೈ ಗೊಂಚಲನ್ನು ತುರುಕಿದ್ದಳು. ಬಾಯಿಯ ಪಕ್ಕ ನೊರೆ ಒಣಗಿತ್ತು, ಗದ್ದ ತರಚಿತ್ತು. ಮೈ ಉಳಿದಂತೆ ಸರಿಯಿತ್ತು. "ಭಯಂ ಲೇದು ನಾಯನಾ" ಎಂದು ಆಕೆ ನಮ್ಮ ಮುಖ ನೋಡಿ ಧೈರ್ಯ ಹೇಳಿದಳು. ಗಾಡಿ ಇದ್ದಕ್ಕಿದ್ದಂತೆ ರಸ್ತೆ ಬಿಟ್ಟು ತನ್ನ ಕಡೆಗೇ ಬಂತು, ಹಸುವನ್ನು ಎಳೆದುಕೊಂಡು ಹಿಂದೆ ಸರಿದೆ, ಆಮೇಲೆ ಅವನ ಕೈಕಾಲು ಸೆಳೆದವು ಎಂದು ತೆಲುಗಿನಲ್ಲಿ ವಿವರಿಸಿದಳು. ಆಕೆಗೆ ಆ ರೋಗ ಗೊತ್ತಿತ್ತು. ನಮಗೆ ಗೊತ್ತಿರಲಿಲ್ಲ.

ರವಣ ಕಣ್ಣು ಬಿಟ್ಟ. ನಮ್ಮನ್ನು ಗುರುತು ಹಿಡಿಯಲು ತಡವಾಯಿತು. "ನಾನು ಬಿದ್ನಾ?" ಎಂದು ಕೇಳಿದ. ಸ್ವಲ್ಪ ಹೊತ್ತಿಗೆ ನನ್ನ ಕೈ ಹಿಡಿದುಕೊಂಡು, "ಪದ್ಮಂಗೆ ಹೇಳ್ಬೇಡ ಮೇಷ್ಟ್ರೇ. ಖಾದರ್ ಕಾರಲ್ಲಿ ಹೋಗ್ತೀವಿ ಅಂತ ಹೇಳಿ ಬಂದಿದೀನಿ" ಎಂದು ಹೆಂಡತಿಯ ಹೆಸರೆತ್ತಿ ಬೇಡಿಕೊಂಡ. ಹರೆಯದಿಂದಲೂ ಫಿಟ್ಸ್ ಇದೆ, ದಿನಾ ಮಾತ್ರೆ ನುಂಗುತ್ತೇನೆ, ಈಚೆಗೆ ಬಂದೇ ಇರಲಿಲ್ಲ ಎಂಬುದನ್ನೆಲ್ಲ ತಪ್ಪು ಮಾಡಿದವನಂತೆ ತೊದಲುತ್ತಾ ಹೇಳಿದ.

ಆಟೋದಲ್ಲಿ ಮದನಪಲ್ಲಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅವನನ್ನು ಒಳಗೆ ಕರೆದೊಯ್ದಾಗ ನನ್ನ ಕೈಯಲ್ಲಿದ್ದ ಅವನ ಫೋನು ರಿಂಗಾಯಿತು. ಗಾಜು ಒಡೆದಿತ್ತು, ಆದರೂ ಹೆಸರು ಕಾಣುತ್ತಿತ್ತು. ಪದ್ಮ. ಎತ್ತಬೇಡ ಎಂದು ಖಾದರ್ ಸನ್ನೆ ಮಾಡಿದ. ನಿಂತಿತು. ಮತ್ತೆ ಬಂತು. ಮೂರನೆಯ ಸಲ ತಡೆಯಲಾಗಲಿಲ್ಲ. ಟವರ್ ಸಿಗುತ್ತಿರಲಿಲ್ಲ, ಅವನು ಆ ಕಡೆ ಫೋಟೋ ತೆಗೆಯುತ್ತಿದ್ದಾನೆ ಎಂದೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡು, ಹಲೋ ಎಂದೆ ಅಷ್ಟೇ.

"ಬಿದ್ರಾ ಅಣ್ಣ?" ಎಂದಳು ಪದ್ಮ.

ಏಟಾಗಿಲ್ಲ, ಮಾತಾಡುತ್ತಿದ್ದಾನೆ, ಡಾಕ್ಟರು ನೋಡುತ್ತಿದ್ದಾರೆ ಎಂದೆ. ಅವಳು ಅಳಲಿಲ್ಲ. ಬೆಳಗಿನ ಮಾತ್ರೆ ಜೇಬಿನಲ್ಲಿದೆಯಾ ನೋಡಿ ಎಂದಳು. ನೋಡಿದೆ. ಒಳಗೆ ಬಿಚ್ಚಿಟ್ಟಿದ್ದ ಅವನ ಶರ್ಟಿನ ಜೇಬಿನಲ್ಲಿ, ಕಾಗದದಲ್ಲಿ ಸುತ್ತಿದ ಮಾತ್ರೆ ಹಾಗೆಯೇ ಇತ್ತು. ಹೊರಡುವ ಸಂಭ್ರಮದಲ್ಲಿ ಮರೆತಿದ್ದ. ಕಾರಿನಲ್ಲಿ ಹೋಗುತ್ತೇನೆಂದು ನಿನಗೆ ಹೇಳಿದ್ದನಂತೆ ಎಂದು ನಾನು ತಡವರಿಸಿದಾಗ ಅವಳು ತಡೆದಳು.

"ಗೊತ್ತಿತ್ತು ಅಣ್ಣ. ಗಾಡಿ ನರ್ಸರೀಲೇ ಬಿಟ್ಟಿದೀನಿ ಅಂದಿದ್ರು, ಮೊಳೇಲಿ ಹೆಲ್ಮೆಟ್ಟು ಇರ್ಲಿಲ್ಲ. ಕಾರಲ್ಲಿ ಹೋಗೋರಿಗೆ ಹೆಲ್ಮೆಟ್ಟು ಯಾಕೆ? ಅಷ್ಟು ಖುಷಿಯಾಗಿ ಹೊರಟಿದ್ರು, ಒಂದು ದಿನ ಹೋಗಿ ಬರ್ಲಿ ಅಂತ ಸುಮ್ನಾದೆ. ಆವಾಗಿಂದ ಕೆಲಸ ಮಾಡೋಕೆ ಕೈ ಬರ್ತಿಲ್ಲ."

ವೈದ್ಯೆ ಚಿಕ್ಕ ವಯಸ್ಸಿನವರು. ನಿದ್ದೆಯಿಲ್ಲ, ಮಾತ್ರೆಯಿಲ್ಲ, ಮೇಲೆ ಬೈಕು ಎಂದು ಅವನನ್ನು ಬಿಟ್ಟು ನಮ್ಮಿಬ್ಬರಿಗೆ ಗದರಿದರು. ಇನ್ನು ಮುಂದೆ ಗಾಡಿ ಮುಟ್ಟಕೂಡದು ಎಂದರು. ಬೆಟ್ಟದ ಮಾತು ಯಾರೂ ಎತ್ತಲಿಲ್ಲ. ರವಣನ ಗಾಡಿಯನ್ನೂ ನನ್ನದನ್ನೂ ಖಾದರನ ನೆಂಟರ ಮನೆಯಲ್ಲಿ ಬಿಟ್ಟು, ನಾನು ಮತ್ತು ರವಣ ಬಸ್ಸು ಹತ್ತಿದೆವು. ಖಾದರ್ ಬಸ್ಸಿನ ಹಿಂದೆಯೇ ಬರುತ್ತಿದ್ದ. ಹಗಲಲ್ಲೇ ದೀಪ ಹಾಕಿಕೊಂಡಿದ್ದ.

ಬಸ್ಸು ಹೊಂಗೆ ಮರದ ಹತ್ತಿರ ಬಂದಾಗ ರವಣ ಕಿಟಕಿಗೆ ಮುಖ ಒತ್ತಿ ನೋಡಿದ. ಮುದುಕಿ, ಹಸು, ಯಾರೂ ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದ.

"ನಾನು ಹಿಂದೆ ಬರ್ತಿದ್ದಿದ್ದು ನಿಮ್ಮನ್ನ ನೋಡ್ಕೊಳ್ಳೋಕಲ್ಲ ಕಣೋ. ಅಕಸ್ಮಾತ್ ಬಂದ್ರೆ ನಿಮ್ಮ ಗಾಡಿಗೆ ಅಡ್ಡ ಬೀಳಬಾರದು ಅಂತ. ಒಬ್ನೇ ಬೀಳ್ತೀನಿ ಅಂತ ಲೆಕ್ಕ ಹಾಕಿದ್ದೆ. ರೋಡಲ್ಲಿ ಬೇರೆ ಜನ ಇರ್ತಾರೆ ಅಂತ ತಲೆಗೇ ಬಂದಿರ್ಲಿಲ್ಲ. ಆ ಅವ್ವ ಸರ್ಕೊಳ್ದೆ ಹೋಗಿದ್ರೆ?"

ಅವನ ಅಂಗೈಯಲ್ಲಿ ಆ ಬೀಗದ ಕೈಗಳ ಅಚ್ಚು ಇನ್ನೂ ಕೆಂಪಗೆ ಕಾಣುತ್ತಿತ್ತು.

ಆಮೇಲೆ ಅವನು ಗಾಡಿ ಮುಟ್ಟಲಿಲ್ಲ. ಡಾಕ್ಟರ ಮಾತಿಗಾಗಲಿ ಪದ್ಮಳ ಕಣ್ಣೀರಿಗಾಗಲಿ ಬಿಟ್ಟದ್ದಲ್ಲ, ಆ ಮುದುಕಿಗಾಗಿ ಬಿಟ್ಟ. ಮದನಪಲ್ಲಿಯಿಂದ ಗಾಡಿ ತರಿಸಿ ನೇರವಾಗಿ ಬಾಮೈದನಿಗೆ ಕೊಟ್ಟುಬಿಟ್ಟ. ಒಂದು ದಿನ ಬಸ್ಸು ಹಿಡಿದು ಆ ಹೊಂಗೆ ಮರದ ಹತ್ತಿರದ ಊರಿಗೆ ಹೋಗಿ, ಆಕೆಯ ಮನೆ ಹುಡುಕಿ, ಹಿತ್ತಲಿಗೆ ಬದನೆ ಸಸಿ ನೆಟ್ಟು ಬಂದ. ಆಕೆಗೆ ಇವನ ಗುರುತೇ ಹತ್ತಲಿಲ್ಲವಂತೆ. ಸಸಿ ಮಾರುವವನು ಎಂದುಕೊಂಡು ಮೊದಲು ಬೇಡವೆಂದಳಂತೆ. ಅದನ್ನು ಹೇಳಿಕೊಂಡು ಬಹಳ ನಕ್ಕ.

ಕಷ್ಟವಾದದ್ದು ನನಗೆ. ಅವನು ಫೋನು ಎತ್ತದಿದ್ದರೆ ಪಾಠದ ನಡುವೆ ಬೆವರುತ್ತಿದ್ದೆ. ನರ್ಸರಿಯಲ್ಲಿ ಅವನು ನೀರಿನ ತೊಟ್ಟಿಯ ಹತ್ತಿರ ಬಗ್ಗಿದರೆ ಎದ್ದು ನಿಲ್ಲುತ್ತಿದ್ದೆ. ಮಾತ್ರೆ ಆಯಿತಾ, ನಿದ್ದೆ ಆಯಿತಾ ಎಂದು ಕೇಳುತ್ತಲೇ ಇರುತ್ತಿದ್ದೆ. ಒಂದು ಸಾಯಂಕಾಲ ಅವನು ಕೈಯಲ್ಲಿದ್ದ ಪೈಪು ಕೆಳಗಿಟ್ಟು ನನ್ನ ಎದುರಿಗೆ ಬಂದು ಕೂತ. "ನನ್ನನ್ನ ಸಸಿ ನೋಡ್ದಂಗೆ ನೋಡ್ಬೇಡಪ್ಪ. ಮನೇಲಿ ಒಬ್ಳು ನೋಡ್ತಾಳೆ, ಸಾಕು. ನೀನಾದ್ರೂ ನನ್ನ ಜೊತೆ ಜಗಳ ಆಡು." ಅವತ್ತಿನಿಂದ ನಾನು ಪ್ರಯತ್ನಪಟ್ಟು ಜಗಳವಾಡಿದೆ. ರಾಜಕೀಯ, ಕ್ರಿಕೆಟ್ಟು, ಖಾದರನ ಬೇಕರಿಯ ಬನ್ನು, ಏನಾದರೂ. ಅವನು ತೆಲುಗಿಗೆ ಇಳಿಯುವವರೆಗೂ ಬಿಡುತ್ತಿರಲಿಲ್ಲ. ಆದರೂ ಒಳಗಿನ ಆತಂಕ ಹೋಗಲಿಲ್ಲ. ಅದನ್ನು ಅವನಿಗೆ ಕಾಣದ ಹಾಗೆ ಇಟ್ಟುಕೊಳ್ಳಲು ಕಲಿತೆ.

ಕೊನೆಯ ಸಲ ಅವನನ್ನು ಕಂಡಾಗಲೂ ಜಗಳವೇ. ಶಾಲೆಯ ಕೈತೋಟಕ್ಕೆ ಸಸಿ ಕೇಳಲು ಮಧ್ಯಾಹ್ನ ಹೋಗಿದ್ದೆ. ಮೇಷ್ಟ್ರಿಗೂ ಅದೇ ಕಾನೂನು, ಸಾಯಂಕಾಲ ಬಾ ಎಂದ. ಸ್ಕೂಲು ಮುಗಿದರೆ ಮಕ್ಕಳೆಲ್ಲಿರುತ್ತವೆ ಎಂದು ನಾನು ಕೂಗಾಡಿದೆ. ಹಾಗಾದರೆ ನಾಳೆ ಬೆಳಗ್ಗೆ ಪ್ರಾರ್ಥನೆ ಹೊತ್ತಿಗೆ ನಾನೇ ತಂದು ಕೊಡುತ್ತೇನೆ ಎಂದ. ಮಾರನೆಯ ಬೆಳಗ್ಗೆ ಅವನು ಬರಲಿಲ್ಲ. ರಾತ್ರಿ ನಿದ್ದೆಯಲ್ಲೇ ಫಿಟ್ಸ್ ಬಂದು ಹೋಗಿಬಿಟ್ಟಿದ್ದ. ಸುದ್ದಿ ಹೇಳಲು ಶಾಲೆಯವರೆಗೆ ಬಂದವನು ಖಾದರ್. ಗೇಟಿನಲ್ಲಿ ಅವನು ನಿಂತ ರೀತಿಯಲ್ಲೇ ನನಗೆ ತಿಳಿಯಿತು.

ಈಗ ನರ್ಸರಿಯನ್ನು ಪದ್ಮ ನಡೆಸುತ್ತಾಳೆ. ತಿಥಿಯೆಲ್ಲ ಮುಗಿದು ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಹೋಗಿದ್ದೆ. ಯಾರದೋ ಟೆಂಪೋಗೆ ಟ್ರೇಗಳನ್ನು ತುಂಬಿಸುತ್ತಿದ್ದಳು. ನಾನೂ ಕೈ ಹಾಕಿದೆ. ನಂತರ, ಟ್ರೇಯಲ್ಲಿ ಬಾಗಿದ್ದ ಒಂದು ಸಸಿಯನ್ನು ಬೆರಳಿನಿಂದ ನೆಟ್ಟಗೆ ಮಾಡುತ್ತಾ, ನನ್ನ ಕಡೆ ನೋಡದೆ ಹೇಳಿದಳು:

"ಮದ್ವೆ ಆದಾಗಿಂದ ರಾತ್ರಿ ಎದ್ದೆದ್ದು ನೋಡ್ತಿದ್ದೆ ಅಣ್ಣ, ಉಸಿರಾಡ್ತಾರಾ ಅಂತ. ಅವತ್ತೊಂದಿನ ನಿದ್ದೆ ಬಂದ್ಬಿಡ್ತು."

ಅಷ್ಟರಲ್ಲಿ ಟೆಂಪೋದವನು ಇನ್ನೆಷ್ಟು ಹೊತ್ತಮ್ಮ ಎಂದು ಕೂಗಿದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಟ್ರೇ ಎತ್ತಿಕೊಂಡು, ಅವನ ಕಡೆ ನಡೆದಳು.