ಸೀಟಿಗೆ ಹಾಕಿದ ತರ್ಕಶಾಸ್ತ್ರ

ಗೆಳೆಯರೇ, ಈಗಷ್ಟೇ ಬಸ್ಸಿಳಿದೆ. ನಂಜನಗೂಡಿನಲ್ಲಿ ನರಸೀಪುರದ ಬಸ್ಸು ತುಂಬುತ್ತಿತ್ತು. ಟವೆಲ್ ಇರಲಿಲ್ಲವೆಂದು ಕೈಯಲ್ಲಿದ್ದ ಪುಸ್ತಕವನ್ನೇ ಕಿಟಕಿಯಿಂದ ಸೀಟಿಗೆ ಹಾಕಿದೆ. ನಾನೂರು ವರ್ಷಗಳ ಹಿಂದಿನ ಲ್ಯಾಟಿನ್ ತರ್ಕಗ್ರಂಥದ ಇಂಗ್ಲಿಷ್ ಅನುವಾದ, ಲೈಬ್ರರಿಯಲ್ಲಿದ್ದ ಒಂದೇ ಪ್ರತಿ.

ನೂಕಿಕೊಂಡು ಹತ್ತಿದರೆ ಆ ಸೀಟಿನಲ್ಲಿ ಅಜ್ಜಿಯೊಬ್ಬರು ಕೂತಿದ್ದಾರೆ, ಪುಸ್ತಕವಿಲ್ಲ!

"ಯಾರೋ ಮರ್ತೋಗವ್ರೆ ಅಂತ ಕಂಡಕ್ಟ್ರಿಗೆ ಕೊಟ್ಟೆ ಕಣವ್ವಾ. ಸೀಟ್‌ಗೆ ಟವಲ್ ಆಕ್ತಾರೆ, ಬುಕ್ಕ ಯಾರಾಕ್ತಾರೆ?"

ಕಂಡಕ್ಟರ್ ಪುಸ್ತಕವನ್ನು ಕಂಕುಳಲ್ಲಿ ಒತ್ತಿಕೊಂಡು, "ನಿಮ್ದೇ ಅನ್ನಕ್ಕೆ ಏನ್ ಗುರ್ತು? ಒಳಗೇನೈತೆ ಯೋಳಿ ನೋಡಾಣ" ಎಂದ.

ನಾನು ಅವಸರದಲ್ಲೇ ಹೇಳಿದೆ: "ವಾದ ಮಾಡಿ ಗೆಲ್ಲೋದು ಹೇಗೆ ಅಂತ..."

"ಅಂಗಾರೆ ಅಜ್ಜಿ ಅತ್ರ ಸೀಟ್ ಗೆದ್ಕಳಿ ಮೇಡಂ!"

ಬಸ್ಸಿಗೆ ಬಸ್ಸೇ ನಕ್ಕಿತು. ಪುಸ್ತಕ ಕೈಗೆ ಬಂತು, ನಾನು ನಿಂತೇ ಬಂದೆ.

ನಾಳೆ ಇದೇ ಪುಸ್ತಕದ ಮೇಲೆ ನನ್ನ ಪಿಎಚ್.ಡಿ. ವೈವಾ. ಸದ್ಯ, ಅಲ್ಲಿ ಕುರ್ಚಿ ಅವರೇ ಕೊಡುತ್ತಾರೆ.