ಎಡಗೈಯ ತುತ್ತು

ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟು ಗಾರೆ ಕೆಲಸಕ್ಕೆ ಇಳಿದವನು ನಾನು. ಇವತ್ತಿನವರೆಗೂ ಯಾರ ಮುಂದೆಯೂ ಕೈ ಚಾಚಿಲ್ಲ. ಹೆಂಡತಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತಾಗಲೂ ನಾನೊಬ್ಬನೇ ನೋಡಿಕೊಳ್ಳುತ್ತೇನೆ ಅಂತ ಎಲ್ಲರಿಗೂ ಹೇಳಿದ್ದೆ.

ಬಂಗಾರಪೇಟೆಯ ಆಸ್ಪತ್ರೆಯಲ್ಲಿ ನಮ್ಮನ್ನು ಒಂದು ಕೋಣೆಗೆ ಕಳಿಸಿದರು. ಬಾಗಿಲ ಮೇಲೆ ‘ಆಕ್ಯುಪೇಷನಲ್ ಥೆರಪಿ’ ಅಂತ ಬರೆದಿತ್ತು. ಒಳಗೆ ದೊಡ್ಡ ಮಿಷನ್ನುಗಳಿರುತ್ತವೆ ಅಂದುಕೊಂಡಿದ್ದೆ. ನೋಡಿದರೆ ಬಾಚಣಿಗೆ, ರವಿಕೆ, ಚೊಂಬು, ತಟ್ಟೆ. ನನ್ನ ಮಗಳ ವಯಸ್ಸಿನ ಥೆರಪಿಸ್ಟ್ ಹುಡುಗಿ ಅವನ್ನೇ ಇಟ್ಟುಕೊಂಡು ಪಾಠ ಮಾಡಿದಳು. ಸೋತ ಕೈಯನ್ನು ಮೊದಲು ರವಿಕೆಯ ತೋಳಿಗೆ ತೂರಿಸಬೇಕು, ಬಿಚ್ಚುವಾಗ ಅದನ್ನು ಕೊನೆಗೆ ತೆಗೆಯಬೇಕು. ಸ್ನಾನಕ್ಕೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಬೇಕು. ಎರಡು ತಿಂಗಳಲ್ಲಿ ನನ್ನ ಹೆಂಡತಿ ತಾನೇ ತಲೆ ಬಾಚಿಕೊಂಡಳು, ತಾನೇ ನೀರು ಹುಯ್ದುಕೊಂಡಳು. ಒಂದು ದಿನ ಬಚ್ಚಲಿಂದ ನನ್ನನ್ನೇ ಅಟ್ಟಿದಳು.

“ಆಚೆ ಓಗಯ್ಯಾ, ನಾನೇನು ಕೂಸಾ?”

ಆ ವಾರ ಥೆರಪಿಸ್ಟ್, “ಮುಂದೆ ಏನು ಕಲೀಬೇಕಮ್ಮಾ?” ಅಂತ ಕೇಳಿದಳು.

“ಮುದ್ದೆ. ನನ್ ಕೈಯಾಗೇ ಮುರ್ಕೊಂಡು ತಿನ್ಬೇಕು.”

ತಟ್ಟೆ ಜಾರದ ಹಾಗೆ ಅದರ ಕೆಳಗೆ ಒದ್ದೆ ಬಟ್ಟೆ ಹಾಸಿ ಹುಡುಗಿ ಹೇಳಿದಳು: “ಸದ್ಯಕ್ಕೆ ಎಡಗೈಲಿ ತಿನ್ನಿ. ಬಲಗೈ ತಟ್ಟೆ ಅಂಚಿಗೆ ಒರಗಿರಲಿ.”

“ಎಡಗೈಲಾ? ಅದು ಯಾತಕ್ಕೆ ಇರೋ ಕೈ ಗೊತ್ತೇನಮ್ಮಾ ನಿಂಗೆ?” ಅಂದೆ.

“ಸೋಪಾಕಿ ತೊಳೆದಿದ್ದೀವಲ್ಲಣ್ಣಾ.”

ಹೆಂಡತಿ ಸೊಟ್ಟಗಾಗಿದ್ದ ಬಾಯಲ್ಲೇ ನಕ್ಕುಬಿಟ್ಟಳು. ನನಗೆ ಮೈ ಉರಿಯಿತು. “ನಾನಿನ್ನೂ ಸತ್ತಿಲ್ಲ. ನಮ್ಮನೆ ಹೆಂಗಸು ಎಡಗೈಲಿ ತಿನ್ನೋ ಗತಿ ಬಂದಿಲ್ಲ. ನಾನೇ ತಿನ್ನಿಸ್ತೀನಿ” ಅಂದು ಎಬ್ಬಿಸಿಕೊಂಡು ಬಂದೆ. ಮತ್ತೆ ಅವಳನ್ನು ಅಲ್ಲಿಗೆ ಕರೆದೊಯ್ಯಲಿಲ್ಲ.

ಬೆಳಗ್ಗೆ ಬೆಂಗಳೂರಿನ ರೈಲು ಹಿಡಿಯುವ ಮುಂಚೆ ಮುದ್ದೆ ತಿರುವಿ ತಿನ್ನಿಸುತ್ತಿದ್ದೆ. ಸಂಜೆ ಬಂದು ಮತ್ತೆ ತಿನ್ನಿಸುತ್ತಿದ್ದೆ. ಮಧ್ಯಾಹ್ನ ಹಸಿವಾಗಲ್ವಾ ಅಂದರೆ, ಇಲ್ಲ ಅನ್ನುತ್ತಿದ್ದಳು. ಅದನ್ನು ನಂಬಿದೆ. ನಮ್ಮೂರು ಉರಿಗಾಂನ ಸಾಲುಮನೆಗಳ ಹೆಂಗಸರು, “ಇಂಥ ಗಂಡ ಎಲ್ಲವ್ನೆ ಏಳು” ಅಂತ ಅವಳ ಮುಂದೆಯೇ ಹೊಗಳುವಾಗ ಎದೆಯುಬ್ಬಿಸಿ ನಿಂತಿದ್ದವನು ನಾನು.

ಒಂದು ದಿನ ಸಿಮೆಂಟು ಬರದೆ ಕೆಲಸ ನಿಂತಿತು. ಮಧ್ಯಾಹ್ನವೇ ಮನೆಗೆ ಬಂದೆ. ಅವಳು ಬಾಗಿಲಿಗೆ ಬೆನ್ನು ಹಾಕಿ ಗೋಡೆಗೆ ಮುಖಮಾಡಿ ಕೂತಿದ್ದಳು. ಒದ್ದೆ ಬಟ್ಟೆಯ ಮೇಲೆ ತಟ್ಟೆ. ಬೆಳಗಿನ ಮುದ್ದೆಯನ್ನು ಎಡಗೈಲಿ ಮುರಿದು, ಉಂಡೆ ಮಾಡಿ, ಸಾರಿಗೆ ಅದ್ದಿ, ಒಂದು ತೊಟ್ಟೂ ಚೆಲ್ಲದೆ ನುಂಗುತ್ತಿದ್ದಳು. ಬಲಗೈ ತಟ್ಟೆಯ ಅಂಚಿಗೆ ಒರಗಿತ್ತು. ಅದು ಒಂದು ದಿನದ ಅಭ್ಯಾಸವಲ್ಲ. ನಾನಿಲ್ಲದ ಮಧ್ಯಾಹ್ನಗಳಲ್ಲಿ ಒಬ್ಬಳೇ ಕೂತು ಕಲಿತಿದ್ದಳು.

ಸುಮ್ಮನೆ ಹಿಂದಕ್ಕೆ ಹೋಗಬೇಕಿತ್ತು.

“ಥೂ! ಯಾರಾನಾ ನೋಡಿದ್ರೆ ಏನಂತಾರೆ? ನಾನು ಊಟ ಆಕ್ತಿಲ್ವಾ ನಿಂಗೆ?”

ಅವಳು ತಿರುಗಲಿಲ್ಲ. ಬಾಯಲ್ಲಿದ್ದದ್ದನ್ನು ನುಂಗುವುದೋ ಉಗಿಯುವುದೋ ತಿಳಿಯದೆ ಕೊನೆಗೆ ನುಂಗಿದಳು. ಆಮೇಲೆ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಟ್ಟೆಗೆ ಒರೆಸಿದಳು.

“ಅಸಿವಾಗಿತ್ತು ಕಣಯ್ಯಾ.”

ಅವತ್ತಿನಿಂದ ಅವಳು ಆ ಕೈಯನ್ನು ತಟ್ಟೆಗೆ ಇಡಲಿಲ್ಲ. ತಪ್ಪಾಯ್ತು ಅಂದೆ, ಬೇಡಿಕೊಂಡೆ. ಕೊನೆಗೆ ನಾನೊಬ್ಬನೇ ಆಸ್ಪತ್ರೆಯ ಆ ಕೋಣೆಗೆ ಹೋಗಿ ತಲೆ ತಗ್ಗಿಸಿ ನಿಂತೆ. ಹುಡುಗಿ ಬೈಯಲಿಲ್ಲ. “ಅವರ ಜೊತೆ ಕೂತು ನೀವೂ ಎಡಗೈಲಿ ಉಣ್ಣಿ. ಆಗ ಅವರು ನಾಚಿಕೆ ಬಿಡಬಹುದು” ಅಂದಳು.

ಹಾಗೇ ಮಾಡಿದೆ. ತುತ್ತು ಬಾಯಿಗೆ ಬರುವಷ್ಟರಲ್ಲಿ ಸಾರು ಅಂಗಿಯ ಮೇಲೆಲ್ಲ ಸುರಿಯಿತು. ಅವಳು ನೋಡುತ್ತಿದ್ದಳು. ಸೆರಗಿನಿಂದ ನನ್ನ ಗಲ್ಲ ಒರೆಸಿ, “ನಿಂಗ್ಯಾಕೆ ಈ ಅವಸ್ತೆ? ನಂಗೆ ತಿನ್ಸಿ ನೀನು ಉಣ್ಣು” ಅಂದು ಬಾಯಿ ತೆರೆದಳು. ತಿನ್ನಿಸಿದೆ.

ಈಗಲೂ ಬಟ್ಟೆ, ಸ್ನಾನ, ತಲೆ ಬಾಚುವುದು ಎಲ್ಲ ಅವಳದೇ. ಊಟ ಮಾತ್ರ ನನ್ನದು. ಮಧ್ಯಾಹ್ನ ಒಬ್ಬಳೇ ತಿನ್ನಲಿ ಅಂತ ಮುದ್ದೆ ಮುಚ್ಚಿಟ್ಟು ಹೋಗುತ್ತೇನೆ. ಬೇಗ ಬಂದ ದಿನ ಬಾಗಿಲಾಚೆಯೇ ನಿಂತು ಜೋರಾಗಿ ಕೆಮ್ಮಿ, ಅವಳು ಕೈ ಒರೆಸಿಕೊಳ್ಳುವಷ್ಟು ಹೊತ್ತು ಬಿಟ್ಟು ಒಳಗೆ ಹೋಗುತ್ತೇನೆ. ಮುದ್ದೆ ಇಟ್ಟ ಹಾಗೇ ಇರುತ್ತದೆ.